ನೋವನ್ನು ನಂಬು, ಶಾಲೆಗೂ ಕಳಿಸು

ಮಗಳೇ, ಕಣ್ಣಿನ ಡಾಕ್ಟರು ಕನ್ನಡಕ ಬೇಡ ಅಂದರು, ಸೈನಸ್ ಇಲ್ಲ ಅಂದರು, ಸ್ಕ್ಯಾನಿನಲ್ಲೂ ಏನೂ ಬರಲಿಲ್ಲ, ಹಾಗಾದರೆ ಇವನು ನಾಟಕ ಆಡ್ತಿದಾನಾ ದೊಡ್ಡಮ್ಮ, ಅಂತ ಕೇಳಿದೆಯಲ್ಲ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳ ವಾರ್ಡಿನಲ್ಲೇ ಆಯುಸ್ಸು ಕಳೆದವಳು ನಾನು. ಈ ಪ್ರಶ್ನೆಯನ್ನು ತಾಯಂದಿರು ನನ್ನ ಹತ್ತಿರ ಕೇಳುತ್ತಲೇ ಇದ್ದರು, ಅದೂ ಮಗುವಿನ ಎದುರಿಗೇ. ಮಗು ನೆಲ ನೋಡುತ್ತಾ ಕೂತಿರುತ್ತಿತ್ತು.

ನಾಟಕ ಅಲ್ಲ. ಇಷ್ಟನ್ನು ಮೊದಲು ಮನಸ್ಸಿಗೆ ಹಾಕಿಕೋ, ಆಮೇಲೆ ಮಿಕ್ಕದ್ದು. ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದರೆ ತಲೆಯೊಳಗೆ ಗಡ್ಡೆ ಇಲ್ಲ, ನೀರು ತುಂಬಿಲ್ಲ, ರಕ್ತ ಸೋರಿಲ್ಲ ಅಂತ ಅರ್ಥ. ನೋವಿಲ್ಲ ಅಂತ ಅಲ್ಲ. ನಿಮ್ಮಮ್ಮನ ಅರೆತಲೆನೋವು ಯಾವ ಸ್ಕ್ಯಾನಿನಲ್ಲಿ ಕಂಡಿತ್ತು ಹೇಳು? ಅವಳಿಗೆ ನೋವು ಬಂದ ದಿನ ನಡುಮನೆಯ ಕಿಟಕಿ ಮುಚ್ಚಿ, ಹಣೆಗೆ ಒದ್ದೆ ಬಟ್ಟೆ ಹಾಕಿ ಮಲಗಿಸುತ್ತಿದ್ದೆವು. ನೀನು ಲಂಗ ಎತ್ತಿಕೊಂಡು ತುದಿಗಾಲಲ್ಲಿ ಓಡಾಡುತ್ತಿದ್ದೆ. ಆಗ ಅವಳು ನಾಟಕ ಆಡುತ್ತಿದ್ದಾಳೆ ಎಂದು ಯಾರೂ ಅನ್ನಲಿಲ್ಲ. ಒಂಬತ್ತು ವರ್ಷದವನಿಗೆ ಮಾತ್ರ ಸಾಕ್ಷಿ ಬೇಕೇ?

ಹೆದರಿಕೆ ಬರೀ ಮನಸ್ಸಿನಲ್ಲಿ ನಡೆಯುವ ಸಂಗತಿ ಎಂದು ನಾವು ತಿಳಿದಿದ್ದೇವೆ. ಅದು ನಡೆಯುವುದು ಮೈಯಲ್ಲಿ. ನಾಳೆ ಕ್ಲಾಸಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಬೇಕು ಎಂದು ಮಗು ನೆನೆದ ಕೂಡಲೇ ಅಡ್ರಿನಲಿನ್, ಕಾರ್ಟಿಸಾಲ್ ರಕ್ತಕ್ಕೆ ಇಳಿಯುತ್ತವೆ. ಎದೆ ಬಡಿತ ಜೋರಾಗುತ್ತದೆ, ಹಲ್ಲು ಹಲ್ಲು ಕಚ್ಚಿಕೊಳ್ಳುತ್ತದೆ, ಹೆಗಲು ತಾನಾಗಿ ಮೇಲೇರುತ್ತದೆ, ಕತ್ತಿನ ಹಿಂದಿನ ಸ್ನಾಯುಗಳು ಬಿಗಿದು ನಿಲ್ಲುತ್ತವೆ. ಆ ಬಿಗಿತ ಸಂಜೆಯವರೆಗೂ ಸಡಿಲವಾಗದಿದ್ದರೆ ಹಣೆ, ಕಪಾಲ, ನೆತ್ತಿ ಎಲ್ಲಾ ನೋಯುತ್ತದೆ. ಇನ್ನು ಕೆಲವು ಮಕ್ಕಳು ಗಾಬರಿಯಲ್ಲಿ ತಮಗೇ ಗೊತ್ತಿಲ್ಲದೆ ಬೇಗ ಬೇಗ ಉಸಿರಾಡುತ್ತಾರೆ. ಹಾಗೆ ಆಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ತಿರುಗಿದಂತಾಗುತ್ತದೆ, ಬೆರಳ ತುದಿ ಜುಮ್ ಅನ್ನುತ್ತದೆ. ‘ಅಮ್ಮಾ, ಏನೋ ಆಗ್ತಿದೆ’ ಎಂದು ಮಗು ಹೇಳುವುದು ಇದನ್ನೇ. ಅದಕ್ಕೆ ಗೊತ್ತಿರುವ ಪದ ಒಂದೇ, ತಲೆನೋವು. ಅದನ್ನು ಹೇಳುತ್ತದೆ.

ಇದಕ್ಕಿಂತ ಆಳದ ನಂಟೂ ಒಂದಿದೆ. ಅಪಾಯವನ್ನು ಗುರುತಿಸುವ ಅಮಿಗ್ಡಲ ಎನ್ನುವ ಮಿದುಳಿನ ಭಾಗ ನೋವಿನ ತೀವ್ರತೆಯನ್ನು ಏರಿಸಿ ಇಳಿಸುವ ಕೆಲಸದಲ್ಲೂ ಪಾಲುದಾರ. ಮಿದುಳಿನಿಂದ ಕೆಳಗಿಳಿದು ನೋವನ್ನು ತಗ್ಗಿಸುವ ದಾರಿಗಳೂ ನಮ್ಮಲ್ಲಿವೆ. ದಿಗಿಲು ದಿನವೂ ಇದ್ದರೆ ಆ ದಾರಿಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಕಳ್ಳನಿಗೆ ಬೊಗಳಬೇಕಾದ ನಾಯಿ ಪೇಪರ್ ಹುಡುಗನಿಗೂ, ಹಾಲಿನವನಿಗೂ, ಕೊನೆಗೆ ಗಾಳಿಗೆ ಅಲುಗಿದ ಗೇಟಿಗೂ ಬೊಗಳುತ್ತದಲ್ಲ, ಹಾಗಾಗುತ್ತದೆ ಸ್ಥಿತಿ. ಬೊಗಳುವುದಂತೂ ನಿಜ, ಕಳ್ಳ ಮಾತ್ರ ಇಲ್ಲ.

ನಿನ್ನ ಮಗನದು ಎರಡು ಬಗೆಯ ನೋವು ಬೆರೆತದ್ದು ಅಂತ ನನ್ನ ಅನುಮಾನ. ಭಾನುವಾರ ಸಂಜೆಗೆ ಶುರುವಾಗುವ, ಎರಡೂ ಕಡೆ ಒತ್ತಿದಂತಿರುವ, ಕಾರ್ಟೂನ್ ಹಚ್ಚಿದರೆ ಮರೆತುಹೋಗುವ ನೋವು ಒಂದು. ಅದು ಬಿಗಿತದ್ದು. ಹೋದ ತಿಂಗಳು ಮದುವೆಮನೆಯಲ್ಲಿ ವಾಂತಿ ಮಾಡಿಕೊಂಡು, ಬೆಳಕು ಬೇಡ ಅಂದು, ಎರಡು ಗಂಟೆ ಮಲಗಿ ಎದ್ದವನು ಏನೂ ಆಗದವನ ಹಾಗೆ ಹೋಳಿಗೆ ತಿಂದನಲ್ಲ, ಅದು ಮೈಗ್ರೇನ್ ಇರಬಹುದು. ಮಕ್ಕಳ ಮೈಗ್ರೇನ್ ದೊಡ್ಡವರದರ ಹಾಗಿರುವುದಿಲ್ಲ. ಅರ್ಧ ತಲೆಯೇ ನೋಯಬೇಕೆಂದಿಲ್ಲ, ಎರಡೂ ಕಡೆ ಬರುತ್ತದೆ. ಎರಡು ಗಂಟೆಯಲ್ಲೇ ಮುಗಿಯಲೂಬಹುದು. ನಿದ್ದೆ ಬಂದರೆ ಹೋಗುತ್ತದೆ. ‘ಎದ್ದು ಆಡ್ತಿದಾನೆ, ನೋವು ಎಲ್ಲಿತ್ತು?’ ಎಂದು ಅಳಿಯಂದಿರು ಕೇಳಿದರಂತೆ. ಮಲಗಿ ಎದ್ದದ್ದರಿಂದಲೇ ಆಡುತ್ತಿದ್ದಾನೆ ಎಂದು ಹೇಳು.

ಮೈಗ್ರೇನ್ ವಂಶದಲ್ಲಿ ಹರಿದುಬರುತ್ತದೆ, ನಮ್ಮ ಮನೆಯಲ್ಲಂತೂ ಧಾರಾಳವಾಗಿ ಇದೆ. ನಮ್ಮ ಮನೆ ಅಂತ ಏನು, ನಿಮ್ಹಾನ್ಸ್‌ನವರು ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 18ರಿಂದ 65 ವರ್ಷದವರನ್ನು ವಿಚಾರಿಸಿದಾಗ, ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಬಂದವರು ನೂರಕ್ಕೆ 25 ಮಂದಿ ಸಿಕ್ಕಿದರು. ನಾಲ್ವರಲ್ಲಿ ಒಬ್ಬರು. ಅವರಲ್ಲಿ ಎಷ್ಟೋ ಜನರ ಮನೆಯಲ್ಲಿ ಮಕ್ಕಳಿದ್ದಾರೆ, ಆ ಮಕ್ಕಳು ತಾಯಿ ತಲೆ ಹಿಡಿದುಕೊಂಡು ಕೂರುವುದನ್ನು ನೋಡಿಯೇ ಬೆಳೆಯುತ್ತಾರೆ. ಮೈಯ ಗುಣವೂ ಬರುತ್ತದೆ, ನೋವಿಗೆ ಹೆದರುವ ರೀತಿಯೂ ಬರುತ್ತದೆ.

ಹಳೆಯ ಕಾಲದಲ್ಲಿ ಇದನ್ನು ಯಾರೂ ಗಮನಿಸಲಿಲ್ಲ ಅಂತಲ್ಲ. ಸ್ವೀಡನ್ನಿನ ಉಪ್ಸಾಲಾದಲ್ಲಿ ಬೋ ಬಿಲ್ಲೆ ಎಂಬ ಮಕ್ಕಳ ವೈದ್ಯರಿದ್ದರು. ಅಲ್ಲಿನ ಶಾಲೆಗಳ ಸುಮಾರು 9,000 ಮಕ್ಕಳ ತಲೆನೋವಿನ ಲೆಕ್ಕ ತೆಗೆದು 1962ರಲ್ಲಿ ಪ್ರಕಟಿಸಿದರು. ಏಳು ವರ್ಷದೊಳಗೇ ನೂರಕ್ಕೆ ಸುಮಾರು 40 ಮಕ್ಕಳಿಗೆ ಒಮ್ಮೆಯಾದರೂ ತಲೆನೋವು ಬಂದಿತ್ತು, ಹದಿನೈದರ ಹೊತ್ತಿಗೆ 75 ಮಕ್ಕಳಿಗೆ. ತೀವ್ರ ಮೈಗ್ರೇನ್ ಇದ್ದ ಮಕ್ಕಳು ಬೇರೆಯವರಿಗಿಂತ ಹೆಚ್ಚು ಅಂಜುವವರು, ಸೂಕ್ಷ್ಮದವರು ಎಂದೂ ಅವರು ಬರೆದರು. ಅದನ್ನು ಓದಿದ ಹಲವರು ‘ಅಂಜುಬುರುಕ ಮಕ್ಕಳಿಗೆ ತಲೆನೋವು ಬರುತ್ತದೆ’ ಎಂದು ಒಂದೇ ದಿಕ್ಕಿಗೆ ಅರ್ಥ ಮಾಡಿಕೊಂಡರು. ಹಾಗಲ್ಲ. ಯಾವಾಗ ನೋವು ಬಂದೀತೋ ಗೊತ್ತಿಲ್ಲದೆ ಬದುಕುವ ಮಗು ಅಂಜುವುದು ಸಹಜ ತಾನೇ? ಪರೀಕ್ಷೆ ದಿನ ಬಂದರೆ? ಪ್ರವಾಸದ ಬಸ್ಸಿನಲ್ಲಿ ವಾಂತಿಯಾದರೆ? ಅಂಜಿಕೆ ನೋವನ್ನು ಕರೆಯುತ್ತದೆ, ನೋವು ಅಂಜಿಕೆಯನ್ನು ಕರೆಯುತ್ತದೆ. ಮೈಗ್ರೇನ್ ಇರುವ ಮಕ್ಕಳ ಬಗ್ಗೆ ಅಲ್ಲಿಯವರೆಗೆ ನಡೆದ ಹತ್ತಾರು ಅಧ್ಯಯನಗಳನ್ನು ಕೆನಡಾದವರು 2022ರಲ್ಲಿ ಒಟ್ಟು ಹಾಕಿ ನೋಡಿದರು. ಆತಂಕವೂ ಖಿನ್ನತೆಯೂ ಈ ಮಕ್ಕಳಲ್ಲಿ ಹೆಚ್ಚು ಎಂಬುದು ಗಟ್ಟಿಯಾಯಿತು. ಯಾವುದು ಮೊದಲು ಎಂಬ ಜಗಳಕ್ಕೆ ಮಾತ್ರ ಕೊನೆ ಸಿಗಲಿಲ್ಲ. ನಿನಗೆ ಆ ಜಗಳ ಬೇಕಾಗಿಯೂ ಇಲ್ಲ, ಎರಡರಲ್ಲಿ ಯಾವುದನ್ನು ಇಳಿಸಿದರೂ ಇನ್ನೊಂದಕ್ಕೂ ಸ್ವಲ್ಪ ಗುಣವಾಗುತ್ತದೆ.

ಮುಂದಿನದಕ್ಕೆ ಹೋಗುವ ಮೊದಲು ಒಂದು ಖಡಾಖಂಡಿತ ಮಾತು. ಆತಂಕದ ತಲೆನೋವು ಎಂದು ನಾವೇ ಚೀಟಿ ಅಂಟಿಸಿ ಕೂರಬಾರದ ಸಂದರ್ಭಗಳಿವೆ. ನಸುಕಿನಲ್ಲಿ ನೋವೇ ಎಬ್ಬಿಸಿ ವಾಂತಿ ಮಾಡಿಸುವುದು, ಕೆಮ್ಮಿದರೆ ಬಗ್ಗಿದರೆ ಹೆಚ್ಚಾಗುವುದು, ವಾರದಿಂದ ವಾರಕ್ಕೆ ಏರುತ್ತಲೇ ಹೋಗುವುದು, ವಸ್ತು ಎರಡೆರಡಾಗಿ ಕಾಣುವುದು, ನಡೆಯುವಾಗ ವಾಲುವುದು, ಫಿಟ್ಸ್ ಬರುವುದು, ಕೈಕಾಲಿನ ಶಕ್ತಿ ಕುಂದುವುದು, ಜ್ವರದ ಜೊತೆ ಕತ್ತು ಬಗ್ಗದೆ ಸೆಟೆದುಕೊಳ್ಳುವುದು, ತಲೆಗೆ ಪೆಟ್ಟಾದ ಮೇಲೆ ಬಂದದ್ದು, ಸಿಡಿಲು ಬಡಿದಂತೆ ಒಮ್ಮೆಲೇ ಬಂದದ್ದು, ಐದಾರು ವರ್ಷದೊಳಗಿನ ಮಗುವಿಗೆ ಮತ್ತೆ ಮತ್ತೆ ಬರುವುದು. ಇವುಗಳಲ್ಲಿ ಯಾವುದೇ ಒಂದು ಇದ್ದರೂ ಈ ಕಾಗದ ಮಡಿಸಿಟ್ಟು ಆಸ್ಪತ್ರೆಗೆ ಓಡು. ನಿನ್ನ ಮಗನಿಗೆ ಇವು ಯಾವುವೂ ಇಲ್ಲ, ಡಾಕ್ಟರು ಕಣ್ಣಿನ ಒಳಪರದೆಯನ್ನೂ ನಡಿಗೆಯನ್ನೂ ನೋಡಿದ್ದಾರೆ. ಆದ್ದರಿಂದ ಇನ್ನೊಂದು ಸ್ಕ್ಯಾನ್, ಮತ್ತೊಬ್ಬ ಸ್ಪೆಷಲಿಸ್ಟ್ ಎಂದು ಅಲೆಯಬೇಡ. ಪ್ರತಿ ಪರೀಕ್ಷೆಯೂ ಮಗುವಿಗೆ ‘ನನ್ನ ತಲೆಯಲ್ಲಿ ಏನೋ ಇದೆ, ಇವರಿಗೆ ಇನ್ನೂ ಸಿಕ್ಕಿಲ್ಲ’ ಎಂದೇ ಕೇಳಿಸುತ್ತದೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಬೆಳಿಗ್ಗೆ ಅವನು ಕಣ್ಣು ಬಿಟ್ಟ ತಕ್ಷಣ ‘ಹೇಗಿದೆ ಕಂದಾ ತಲೆ?’ ಅನ್ನುತ್ತೀಯ. ಹಲ್ಲುಜ್ಜುವಾಗ ಒಮ್ಮೆ, ಶೂ ಹಾಕುವಾಗ ಒಮ್ಮೆ, ಸಂಜೆ ವ್ಯಾನಿನಿಂದ ಇಳಿದ ಕೂಡಲೇ ಮತ್ತೊಮ್ಮೆ. ಪ್ರೀತಿಯಿಂದಲೇ ಕೇಳುತ್ತೀಯ. ಆದರೆ ತಲೆ ಎಲ್ಲಿದೆ ಎಂದೇ ನೆನಪಿರದಿದ್ದ ಮಗು ನೀನು ಕೇಳಿದ ಮೇಲೆ ಒಳಗೆ ಹುಡುಕುತ್ತದೆ. ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಅಮೆರಿಕದಲ್ಲಿ ಲಿನ್ ವಾಕರ್ ಎಂಬಾಕೆ ಇದನ್ನು ಪರೀಕ್ಷೆ ಮಾಡಿ 2006ರಲ್ಲಿ ಬರೆದಿದ್ದಾರೆ. ಅದು ಹೊಟ್ಟೆನೋವಿನ ಮಕ್ಕಳ ಮೇಲೆ ಮಾಡಿದ್ದು, ಆದರೂ ನಮಗೆ ಪಾಠ ಅದೇ. ಹೊಟ್ಟೆ ತುಂಬ ನೀರು ಕುಡಿಸಿ ಮಕ್ಕಳಿಗೆ ಕಸಿವಿಸಿಯಾಗುವ ಹಾಗೆ ಮಾಡಿದರು. ಕೆಲವು ತಾಯ್ತಂದೆಯರಿಗೆ ನೋವಿನ ಬಗ್ಗೆ ಕೇಳಿ, ಸಂತೈಸಿ ಎಂದರು, ಕೆಲವರಿಗೆ ಮಾತು ಬೇರೆ ಕಡೆ ತಿರುಗಿಸಿ ಎಂದರು. ನೋವನ್ನೇ ವಿಚಾರಿಸಿದವರ ಮಕ್ಕಳ ದೂರು ಹೆಚ್ಚೂಕಡಿಮೆ ಇಮ್ಮಡಿಯಾಯಿತು, ಮಾತು ತಿರುಗಿಸಿದವರ ಮಕ್ಕಳದು ಅರ್ಧಕ್ಕೆ ಇಳಿಯಿತು. ನನಗೆ ಕುತೂಹಲ ಎನಿಸಿದ್ದು ಬೇರೆ. ಮಾತು ತಿರುಗಿಸಿದರೆ ಮಗುವಿಗೆ ಅನ್ಯಾಯ ಮಾಡಿದಂತೆ ಎಂದು ತಾಯ್ತಂದೆಯರು ತಿಳಿದಿದ್ದರು. ನೋವಿದ್ದ ಮಕ್ಕಳೋ, ಅಪ್ಪ ಅಮ್ಮ ಹಾಗೆ ಮಾಡಿದ್ದೇ ಹೆಚ್ಚು ಹಿತವಾಯಿತು ಎಂದವು.

ಅದಕ್ಕೇ ಹೇಳುವುದು, ನೀನಾಗಿ ಕೇಳಬೇಡ. ಅವನಾಗಿ ಬಂದು ಹೇಳಿದರೆ ಕೆಲಸ ಬಿಟ್ಟು ಒಂದು ನಿಮಿಷ ಪೂರ್ತಿ ಕೇಳಿಸಿಕೋ. ‘ಹೌದಾ ಕಂದಾ, ನೋಯ್ತಿದೆಯಾ, ನೀರು ಕುಡಿ, ಬಾ ಅವರೆಕಾಯಿ ಸುಲಿಯೋಣ’ ಎನ್ನು. ಕೇಳಿಸಿಕೊಂಡ ಹಾಗೂ ಆಯಿತು, ದಿನ ಮುಂದೆ ಸಾಗಿದ ಹಾಗೂ ಆಯಿತು. ಲೆಕ್ಕ ಬೇಕಲ್ಲವೇ ಅನ್ನುತ್ತೀಯ. ಗೋಡೆಯ ಕ್ಯಾಲೆಂಡರಿನಲ್ಲಿ ಅವನ ಕಣ್ಣಿಗೆ ಬೀಳದ ಹಾಗೆ ಸಣ್ಣದಾಗಿ ಬರೆದಿಡು. ಯಾವ ದಿನ, ಎಷ್ಟು ಹೊತ್ತಿಗೆ, ಹಿಂದಿನ ರಾತ್ರಿ ಎಷ್ಟಕ್ಕೆ ಮಲಗಿದ, ಬೆಳಿಗ್ಗೆ ಏನು ತಿಂದ, ಅವತ್ತು ಶಾಲೆಯಲ್ಲಿ ಏನಿತ್ತು, ಮಾತ್ರೆ ಕೊಟ್ಟೆಯಾ. ಒಂದು ತಿಂಗಳು ಬರೆದರೆ ನಿನಗೇ ಕಾಣುತ್ತದೆ. ಒಬ್ಬ ಹುಡುಗಿಯ ತಾಯಿ ಹೀಗೆ ಬರೆದು ತಂದದ್ದರಲ್ಲಿ ಎಲ್ಲಾ ನೋವೂ ಗುರುವಾರಕ್ಕೆ ಬಿದ್ದಿತ್ತು. ಗುರುವಾರ ಪಿಟಿ ಪೀರಿಯಡ್. ಆ ಮಗುವಿಗೆ ಓಡಲು ಭಯವಿರಲಿಲ್ಲ, ಎಲ್ಲರೆದುರು ಬಟ್ಟೆ ಬದಲಾಯಿಸಲು ನಾಚಿಕೆ ಇತ್ತು. ಪಿಟಿ ಬಟ್ಟೆಯನ್ನು ಮನೆಯಿಂದಲೇ ಹಾಕಿಕೊಂಡು ಬರಲು ಶಾಲೆ ಒಪ್ಪಿತು. ಎಲ್ಲಾ ಮಕ್ಕಳ ಕಥೆ ಇಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ ಅನ್ನು.

ಭಯ ಎಲ್ಲಿದೆ ಎಂದು ಹುಡುಕುವಾಗ ನಾವು ದೊಡ್ಡವರು ನೇರವಾಗಿ ಪರೀಕ್ಷೆಗೇ ಹೋಗುತ್ತೇವೆ. ಪರೀಕ್ಷೆಯೂ ಇದೆ. 2024ರ ಮಾರ್ಚಿನಲ್ಲಿ 5, 8, 9ನೇ ತರಗತಿಯವರ ಬೋರ್ಡ್ ಪರೀಕ್ಷೆ ಉಂಟು ಎಂದು ಒಂದು ದಿನ, ಇಲ್ಲ ಎಂದು ಇನ್ನೊಂದು ದಿನ ಕೋರ್ಟಿನಿಂದ ಸುದ್ದಿ ಬರುತ್ತಿತ್ತಲ್ಲ. ನಮಗೆ ಅದು ಪೇಪರಿನಲ್ಲಿ ಓದಿ ಮರೆಯುವ ಸಮಾಚಾರ, ಹತ್ತು ವರ್ಷದ ಮಗುವಿಗೆ ಓದಲೋ ಬೇಡವೋ ತಿಳಿಯದ ವಾರಗಳು. ಆದರೆ ಸಣ್ಣ ಮಕ್ಕಳ ಭಯ ಬಹಳ ಸಲ ನಮ್ಮ ಲೆಕ್ಕಕ್ಕೇ ಬರದ ಜಾಗದಲ್ಲಿರುತ್ತದೆ. ಶಾಲೆಯ ಶೌಚಾಲಯವನ್ನೇ ತೆಗೆದುಕೋ. ಬಾಗಿಲ ಚಿಲಕ ಇಲ್ಲ, ನಾತ, ದೊಡ್ಡ ಹುಡುಗರು ಇಣುಕುತ್ತಾರೆ. ಅಲ್ಲಿಗೆ ಹೋಗಬಾರದೆಂದು ಮಗು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ತುಂಬಿದ ಬಾಟಲಿ ತುಂಬಿದ ಹಾಗೇ ಮನೆಗೆ ವಾಪಸ್ಸು ಬರುತ್ತದೆ. ನೀರು ಸಾಲದೆ ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತದೆ. ಇದು ಭಯದ ತಲೆನೋವೋ, ನೀರಿಲ್ಲದ ತಲೆನೋವೋ? ಸಂಜೆ ಬಾಟಲಿ ಎತ್ತಿ ಅಲ್ಲಾಡಿಸಿ ನೋಡು, ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ.

ಆಮೇಲೆ ವ್ಯಾನು. ಹಿಂದಿನ ಸೀಟಿನ ದೊಡ್ಡ ಹುಡುಗರು, ಅಡ್ಡಹೆಸರು, ಟಿಫನ್ ಬಾಕ್ಸ್ ಕಿತ್ತುಕೊಳ್ಳುವುದು. ಆಮೇಲೆ ಸ್ಕೇಲು ಹಿಡಿದ ಟೀಚರು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ನು ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕ್ಲಾಸಿನ ಮುಂದೆ ನಿಲ್ಲಿಸಿ ನಗೆಪಾಟಲು ಮಾಡುವುದೂ ಅದರೊಳಗೇ ಬರುತ್ತದೆ ಎಂಬುದು ಎಷ್ಟೋ ತಾಯ್ತಂದೆಯರಿಗೆ ಗೊತ್ತಿಲ್ಲ. ಎಷ್ಟೋ ಶಾಲೆಗಳಿಗೆ ಗೊತ್ತಿದ್ದೂ ಗೊತ್ತಿಲ್ಲ. ಇನ್ನು ಮನೆ. ನೀನೂ ಅಳಿಯಂದಿರೂ ಇಎಂಐ ವಿಷಯಕ್ಕೆ ರಾತ್ರಿ ದನಿ ಏರಿಸಿದರೆ ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದವನು ನಿದ್ದೆ ಮಾಡುತ್ತಿದ್ದಾನೆ ಎಂದುಕೊಳ್ಳಬೇಡ. ನಿಮ್ಮತ್ತೆಯವರು ಆಸ್ಪತ್ರೆಯಿಂದ ಬಂದ ಮೇಲೆ ಇವನ ನೋವು ಹೆಚ್ಚಾಯಿತು ಎಂದೆಯಲ್ಲ, ಅದೂ ಯೋಚಿಸಬೇಕಾದ್ದೇ. ಅಮ್ಮನನ್ನೋ ಅಜ್ಜಿಯನ್ನೋ ಬಿಟ್ಟು ಹೋದರೆ ಅವರಿಗೆ ಏನಾದರೂ ಆಗಿಬಿಟ್ಟೀತು ಎಂಬ ಅಗಲಿಕೆಯ ಆತಂಕ ಇರುವ ಮಕ್ಕಳಿದ್ದಾರೆ. ಅಮೆರಿಕದ ಮನೋವೈದ್ಯರ ರೋಗಪಟ್ಟಿಯ ಪುಸ್ತಕದಲ್ಲಿ ಈ ಆತಂಕದ ಲಕ್ಷಣಗಳ ಸಾಲಿನಲ್ಲೇ ತಲೆನೋವು, ಹೊಟ್ಟೆನೋವು, ವಾಕರಿಕೆ ಎಂದು ಬರೆದಿದೆ. ಅಂಥ ಮಗು ಶಾಲೆಗೆ ಹೆದರುವುದಲ್ಲ, ಮನೆ ಬಿಡಲು ಹೆದರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಎದುರು ಕೂರಿಸಿಕೊಂಡು ‘ನಿನಗೇನು ಭಯ, ಹೇಳು’ ಎಂದರೆ ಯಾವ ಮಗುವೂ ಹೇಳುವುದಿಲ್ಲ, ಅದು ಪೊಲೀಸ್ ವಿಚಾರಣೆ. ಸ್ಕೂಟರಿನಲ್ಲಿ ಹಿಂದೆ ಕೂತಾಗ ಮಾತಾಡುತ್ತವೆ. ಚಪಾತಿ ಹಿಟ್ಟು ಕಲಸುವಾಗ, ದೀಪ ಆರಿಸಿದ ಮೇಲೆ ಮಾತಾಡುತ್ತವೆ. ಮುಖ ಕಾಣಬಾರದು, ಕೈಗೆ ಏನಾದರೂ ಕೆಲಸ ಇರಬೇಕು. ‘ಇವತ್ತಿನ ದಿನದಲ್ಲಿ ಯಾವ ಪೀರಿಯಡ್ ಬೇಗ ಮುಗಿದರೆ ಸಾಕು ಅನ್ನಿಸಿತು?’ ಎಂದು ಕೇಳು. ಉತ್ತರ ಬಂದಾಗ ತಟ್ಟನೆ ಸಮಾಧಾನ ಹೇಳಲು ಹೋಗಬೇಡ. ‘ಅದಕ್ಕೆಲ್ಲಾ ಯಾರಾದ್ರೂ ಹೆದರ್ತಾರಾ’ ಎಂದರೆ ಮುಗಿಯಿತು, ಇನ್ನಾರು ತಿಂಗಳು ಬಾಯಿ ಬಿಡುವುದಿಲ್ಲ. ಗಂಡು ಹುಡುಗ ಅಳಬಾರದು ಎಂಬ ಮಾತನ್ನು ನಿಮ್ಮ ಮನೆಯಲ್ಲಿ ಯಾರು ಆಡುತ್ತಾರೋ ಅವರಿಗೆ ನನ್ನ ಹೆಸರು ಹೇಳಿ ನಿಲ್ಲಿಸು.

ಇಷ್ಟು ಮೃದುವಾಗಿ ಹೇಳಿದ ದೊಡ್ಡಮ್ಮ ಈಗ ಗಟ್ಟಿಯಾಗುತ್ತಾಳೆ ನೋಡು. ಸೋಮವಾರ ರಜೆ ಹಾಕಿಸಬೇಡ. ನೋವನ್ನು ನಂಬು, ಶಾಲೆಗೂ ಕಳಿಸು. ಇವೆರಡೂ ಒಟ್ಟಿಗೆ ನಡೆಯಬೇಕು, ಒಂದನ್ನು ಬಿಟ್ಟು ಒಂದು ಮಾಡಿದರೆ ಕೆಡುತ್ತದೆ. ನಂಬದೆ ದಬ್ಬಿ ಕಳಿಸಿದರೆ ಮಗು ಒಂಟಿಯಾಗುತ್ತದೆ. ನಂಬಿ ಮನೆಯಲ್ಲೇ ಇಟ್ಟುಕೊಂಡರೆ ವ್ಯಾನು ಹೋದ ಮೇಲೆ ಹತ್ತೂವರೆಗೆ ನೋವು ಇಳಿಯುತ್ತದೆ, ಆ ಇಳಿದದ್ದೇ ಮಿದುಳಿಗೆ ಪಾಠವಾಗುತ್ತದೆ: ತಪ್ಪಿಸಿಕೊಂಡೆ, ಬದುಕಿದೆ. ಮುಂದಿನ ಸೋಮವಾರ ನೋವು ಇನ್ನೂ ಬೇಗ ಬರುತ್ತದೆ. ಮಗು ಇದನ್ನು ಲೆಕ್ಕ ಹಾಕಿ ಮಾಡುವುದಲ್ಲ, ಮೈ ಕಲಿಯುತ್ತದೆ. ಜೊತೆಗೆ ಬಿಟ್ಟುಹೋದ ಪಾಠ, ಬರೆಯದ ನೋಟ್ಸು, ‘ಯಾಕೆ ಬಂದಿಲ್ಲ’ ಎಂದು ಕೇಳುವ ಗೆಳೆಯರು. ಮಂಗಳವಾರ ಇನ್ನೂ ದೊಡ್ಡ ಬೆಟ್ಟವಾಗಿ ನಿಲ್ಲುತ್ತದೆ.

ಯೇಲ್ ವಿಶ್ವವಿದ್ಯಾಲಯದ ಈಲೈ ಲೆಬೊವಿಟ್ಜ್ ಎಂಬವರು ಆತಂಕದ ಮಕ್ಕಳಿಗೆ ಮಾಡಿದ ಒಂದು ಚಿಕಿತ್ಸೆಯಲ್ಲಿ ಮಗುವನ್ನು ಕರೆಯುವುದೇ ಇಲ್ಲ, ತಾಯ್ತಂದೆಯರನ್ನು ಮಾತ್ರ ಕೂರಿಸಿಕೊಳ್ಳುತ್ತಾರೆ. ಮಗುವಿನ ಭಯಕ್ಕೆ ಮಣಿದು ಮನೆಯವರು ಮಾಡಿಕೊಂಡ ಹೊಂದಾಣಿಕೆಗಳನ್ನು ಒಂದೊಂದಾಗಿ ಹಿಂದೆ ತೆಗೆಯುವುದನ್ನು ಕಲಿಸುತ್ತಾರೆ. ಮಗುವಿನ ಜೊತೆಗೇ ಕೂತು ಮಾಡುವ ಚಿಕಿತ್ಸೆಯಷ್ಟೇ ಫಲ ಇದರಿಂದಲೂ ಬಂದದ್ದನ್ನು 2020ರಲ್ಲಿ ಪ್ರಕಟಿಸಿದರು. ಅವರು ಹೇಳಿಕೊಡುವ ಮಾತಿನ ಅಳತೆ ನನಗೆ ಇಷ್ಟ. ಒಂದೇ ಉಸಿರಿನಲ್ಲಿ ಎರಡು ಹೇಳಬೇಕು, ನಿನ್ನ ಕಷ್ಟ ನನಗೆ ಕಾಣುತ್ತಿದೆ ಎಂಬುದು ಒಂದು, ನಿನ್ನ ಕೈಲಿ ಆಗುತ್ತದೆ ಎಂಬುದು ಇನ್ನೊಂದು. ನಮ್ಮ ಮಾತಿನಲ್ಲಿ ಹೀಗಾಗುತ್ತದೆ: ‘ತಲೆ ನೋಯ್ತಿದೆ, ಗೊತ್ತು ಕಣೋ. ಕಷ್ಟಾನೇ. ಆದ್ರೂ ಇವತ್ತು ನಿನ್ನ ಕೈಲಿ ಆಗುತ್ತೆ.’ ಇದಾದ ಮೇಲೆ ಬ್ಯಾಗು ಕೈಗೆ ಕೊಡು. ಭಾಷಣ ಬೇಡ, ಲಂಚ ಬೇಡ, ಗೇಟಿನ ಹತ್ತಿರ ಹತ್ತು ನಿಮಿಷದ ಅಪ್ಪುಗೆಯೂ ಬೇಡ. ನಿನ್ನ ಮುಖದಲ್ಲಿ ಕಳವಳ ಕಂಡರೆ ಅವನು ನಿನ್ನ ಮಾತನ್ನಲ್ಲ, ಮುಖವನ್ನು ನಂಬುತ್ತಾನೆ. ನಿನಗೆ ಧೈರ್ಯ ಬರದಿದ್ದರೆ ಆ ಒಂದು ವಾರ ಬಿಟ್ಟು ಬರುವ ಕೆಲಸವನ್ನು ಅಳಿಯಂದಿರಿಗೆ ವಹಿಸು.

ಕ್ಲಾಸ್ ಟೀಚರನ್ನು ಮೊದಲೇ ಕಂಡು ಮಾತಾಡು, ದೂರು ಹೇಳುವ ಹಾಗಲ್ಲ, ಸಹಾಯ ಕೇಳುವ ಹಾಗೆ. ನೋವು ಬಂದರೆ ಅವನು ಕೈ ಎತ್ತದೆ ಒಂದು ಚೀಟಿ ತೋರಿಸಲಿ, ಸ್ಟಾಫ್ ರೂಮಿನ ಪಕ್ಕವೋ ಲೈಬ್ರರಿಯಲ್ಲೋ ಇಪ್ಪತ್ತು ನಿಮಿಷ ತಲೆಯಿಟ್ಟು ಕೂರಲಿ, ನೀರು ಕುಡಿದು ಕ್ಲಾಸಿಗೆ ವಾಪಸ್ಸು ಹೋಗಲಿ. ಮನೆಗೆ ಫೋನ್ ಮಾಡುವುದು ಜ್ವರವೋ ವಾಂತಿಯೋ ಇದ್ದರೆ ಮಾತ್ರ. ನಿಜವಾದ ಮೈಗ್ರೇನ್ ಬಂದು ವಾಂತಿಯಾಗುತ್ತಿರುವ ದಿನ ಮನೆಯಲ್ಲೇ ಮಲಗಿಸು, ಅದರಲ್ಲಿ ತಪ್ಪಿಲ್ಲ. ಆದರೆ ಆ ದಿನ ಕತ್ತಲೆ ಕೋಣೆ, ನಿದ್ದೆ ಇಷ್ಟೇ. ಮೊಬೈಲು, ಟಿವಿ, ಅಜ್ಜಿಯ ಕೋಡುಬಳೆ ಯಾವುದೂ ಇಲ್ಲ. ಶಾಲೆ ತಪ್ಪಿದ ದಿನ ಹಬ್ಬದ ದಿನವಾಗಬಾರದು.

ಮಾತ್ರೆಯ ವಿಷಯ. ಪ್ಯಾರಾಸಿಟಮಾಲ್ ಮಗುವಿನ ತೂಕದ ಲೆಕ್ಕದಲ್ಲಿ, ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಎಷ್ಟು ಎಂದು ನಿಮ್ಮ ಡಾಕ್ಟರ ಕೈಲೇ ಬರೆಸಿಕೊಂಡು ಫ್ರಿಜ್ಜಿಗೆ ಅಂಟಿಸು. ಮೈಗ್ರೇನ್ ಆದರೆ ನೋವು ಏರುವ ಮೊದಲೇ ಕೊಡಬೇಕು, ತಡವಾದರೆ ಮೈ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ವಾರದಲ್ಲಿ ಎರಡು ದಿನ ದಾಟಿ ಮಾತ್ರೆ ಬೇಕಾಗುತ್ತಿದೆ ಎಂದರೆ ಕೊಡುತ್ತಾ ಹೋಗಬೇಡ, ಡಾಕ್ಟರಿಗೆ ಹೇಳು. ತಿಂಗಳಿಗೆ 15 ದಿನ ಅಥವಾ ಹೆಚ್ಚು ನೋವಿನ ಮಾತ್ರೆ ನುಂಗುವುದು ಮೂರು ತಿಂಗಳು ಮೀರಿದರೆ ಆ ಮಾತ್ರೆಯೇ ತಲೆನೋವು ತರಿಸುತ್ತದೆ. ಬೀದಿಯ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ತಲೆನೋವಿನ ಮಾತ್ರೆ ಬೇಡವೇ ಬೇಡ. ಆಸ್ಪಿರಿನ್ ಇರುವುದನ್ನು ವೈರಲ್ ಜ್ವರದ ಮಗುವಿಗೆ ಕೊಟ್ಟರೆ ಅಪರೂಪಕ್ಕೆ ಯಕೃತ್ತಿಗೂ ಮಿದುಳಿಗೂ ಕುತ್ತು ತರುವ ರೇಯ್ಸ್ ಸಿಂಡ್ರೋಮ್ ಬರುತ್ತದೆ. ಅಮೃತಾಂಜನ ಹಚ್ಚು, ತೊಂದರೆಯಿಲ್ಲ, ಕಣ್ಣಿನ ಹತ್ತಿರ ಬೇಡ. ನಿಮ್ಮತ್ತೆ ದೃಷ್ಟಿ ತೆಗೆಯುತ್ತೇನೆ ಎಂದರೆ ತೆಗೆಯಲಿ ಬಿಡು. ಉಪ್ಪು ಮೆಣಸಿನಕಾಯಿ ಇಳಿಸುವಾಗ ಮಗು ಐದು ನಿಮಿಷ ಅಜ್ಜಿಯ ಮುಂದೆ ಸುಮ್ಮನೆ ಕೂತಿರುತ್ತದೆ, ಅದೇ ಒಂದು ಲಾಭ.

ದಿನವೂ ನುಂಗಿ ಮೈಗ್ರೇನ್ ತಡೆಯುವ ಮಾತ್ರೆಗಳ ಬಗ್ಗೆಯೂ ನೀನು ಕೇಳಿದ್ದೆ. ಅಮೆರಿಕದಲ್ಲಿ 8ರಿಂದ 17 ವರ್ಷದ ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅಮಿಟ್ರಿಪ್ಟಿಲಿನ್, ಟೋಪಿರಮೇಟ್ ಎಂಬ ಎರಡು ಹೆಸರಾಂತ ಔಷಧಿಗಳನ್ನು ಸಕ್ಕರೆ ಮಾತ್ರೆಯ ಜೊತೆ ಹೋಲಿಸಿದರು. ಔಷಧಿ ತೆಗೆದುಕೊಂಡವರಲ್ಲಿ ನೂರಕ್ಕೆ 52, 55 ಮಕ್ಕಳಿಗೆ ನೋವಿನ ದಿನಗಳು ಅರ್ಧಕ್ಕಿಳಿದವು. ಸಕ್ಕರೆ ಮಾತ್ರೆಯವರಲ್ಲಿ 61! ಪ್ರಯೋಗವನ್ನೇ ನಡುವೆ ನಿಲ್ಲಿಸಿದರು. ಅದರ ಅರ್ಥ ಮಕ್ಕಳು ಸುಳ್ಳು ಹೇಳಿದರು ಅಂತಲ್ಲ. ಒಬ್ಬರು ನಿಗಾ ಇಟ್ಟು ನೋಡುತ್ತಿದ್ದಾರೆ, ನನಗೆ ಗುಣವಾಗುತ್ತದೆ ಎಂಬ ನಂಬಿಕೆ ಬೆಳೆಯುವ ಮಿದುಳಿನಲ್ಲಿ ಅಷ್ಟು ಕೆಲಸ ಮಾಡುತ್ತದೆ. ಅದೇ ಗುಂಪಿನವರು 2013ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದ್ದರು. ಪದೇ ಪದೇ ಮೈಗ್ರೇನ್ ಬರುವ 135 ಮಕ್ಕಳಿಗೆಲ್ಲಾ ಅಮಿಟ್ರಿಪ್ಟಿಲಿನ್ ಕೊಟ್ಟು, ಅರ್ಧ ಮಂದಿಗೆ ಸ್ನಾಯು ಸಡಿಲಿಸುವುದು, ಉಸಿರು ನಿಧಾನಿಸುವುದು, ಹೆದರಿಸುವ ಯೋಚನೆಗೆ ಉತ್ತರ ಕೊಡುವುದನ್ನು ಕಲಿಸಿದರು, ಇನ್ನರ್ಧಕ್ಕೆ ತಲೆನೋವಿನ ತಿಳಿವಳಿಕೆಯ ಪಾಠ ಮಾತ್ರ. ಕಲಿತವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳ ನೋವಿನ ದಿನಗಳು ಅರ್ಧಕ್ಕಿಂತ ಕೆಳಗಿಳಿದವು, ಉಳಿದವರಲ್ಲಿ ಮೂರನೇ ಒಂದು ಪಾಲಿಗೆ ಮಾತ್ರ. ಇದನ್ನು ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎನ್ನುತ್ತಾರೆ.

ಅದರಲ್ಲಿ ಮನೆಯಲ್ಲೇ ಮಾಡಬಹುದಾದ್ದು ಇಷ್ಟಿದೆ. ರಾತ್ರಿ ಮಲಗಿದಾಗ ಮುಷ್ಟಿ ಬಿಗಿಹಿಡಿದು ಐದು ಎಣಿಸಿ ಬಿಡಲಿ, ಹೆಗಲು ಕಿವಿಗೆ ಏರಿಸಿ ಬಿಡಲಿ, ಮುಖ ಕಿವುಚಿ ಬಿಡಲಿ. ಹೊಟ್ಟೆಯ ಮೇಲೆ ಅವನ ಪುಟ್ಟ ಕಾರು ಇಟ್ಟು, ಅದು ಮೆಲ್ಲಗೆ ಮೇಲೇರಿ ಕೆಳಗಿಳಿಯುವ ಹಾಗೆ ಉಸಿರಾಡಲಿ. ನೋವು ಇಲ್ಲದ ದಿನ ಅಭ್ಯಾಸವಾಗಬೇಕು. ನೋವು ಬಂದ ದಿನ ಹೊಸದಾಗಿ ಕಲಿಸಲು ಹೋದರೆ ಇಬ್ಬರಿಗೂ ಸಿಟ್ಟು ಬರುತ್ತದೆ.

ನಿದ್ದೆ, ತಿಂಡಿ ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಈ ವಯಸ್ಸಿಗೆ ಒಂಬತ್ತು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು. ಹತ್ತೂವರೆಗೆ ಮಲಗಿಸಿ ಆರಕ್ಕೆ ಎಬ್ಬಿಸಿದರೆ ಎಲ್ಲಿಂದ ಬರುತ್ತದೆ? ಭಾನುವಾರವೂ ಹೆಚ್ಚೂಕಡಿಮೆ ಅದೇ ಹೊತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ವ್ಯಾನ್ ಹತ್ತಿಸಬೇಡ, ಎರಡು ಇಡ್ಲಿ ಇಳಿಯದಿದ್ದರೆ ಒಂದು ಬಾಳೆಹಣ್ಣು, ಹಾಲು. ಅಬ್ಯಾಕಸ್ ಕ್ಲಾಸು ಬಿಡಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ.

ಆರೆಂಟು ವಾರ ಹೀಗೆ ನಡೆಸಿಯೂ ಶಾಲೆ ತಪ್ಪುತ್ತಲೇ ಇದ್ದರೆ, ಊಟ ಆಟ ಬಿಟ್ಟು ಮಂಕಾದರೆ, ‘ನಾನು ಇರಬಾರದಿತ್ತು’ ಎಂಬಂಥ ಮಾತು ಒಮ್ಮೆ ಬಂದರೂ, ಕಾಯಬೇಡ. ಆ ಮಾತು ಬಂದರೆ ಆರು ವಾರವೂ ಬೇಡ, ಅವತ್ತೇ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅದು, 2022ರ ಅಕ್ಟೋಬರ್ 10ರಂದು ಶುರುವಾದದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಊರಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವಿದೆ. ಹುಚ್ಚಾಸ್ಪತ್ರೆಗೆ ಕರೆದುಕೊಂಡು ಹೋದರು ಎಂದು ಅಪಾರ್ಟ್‌ಮೆಂಟಿನವರು ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ ನಿನಗಿದ್ದರೆ ಈ ಲೆಕ್ಕ ನೋಡು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಸುಮಾರು ಮೂವರು. ಆಡಿಕೊಳ್ಳುವವರ ಮನೆಯಲ್ಲೂ ಮಕ್ಕಳಿವೆ.

ದಸರಾ ರಜಕ್ಕೆ ಅವನನ್ನು ಇಲ್ಲಿಗೆ ಕಳಿಸು. ನನಗೂ ಜೊತೆಯಾಗುತ್ತದೆ, ಆದರೆ ಕಾರಣ ಅದಲ್ಲ. ನಿನ್ನ ಕ್ಯಾಲೆಂಡರನ್ನು ನಾನು ಇಲ್ಲಿ ಮುಂದುವರಿಸುತ್ತೇನೆ. ಶಾಲೆ ಇಲ್ಲದ ದಿನಗಳಲ್ಲಿ ನೋವು ಪೂರ್ತಿ ನಿಂತು, ಶಾಲೆ ತೆರೆಯುವ ಮುನ್ನಾದಿನ ಮತ್ತೆ ಬಂದರೆ ನಾವು ಹುಡುಕಬೇಕಾದ್ದು ಶಾಲೆಯಲ್ಲಿ. ಇಲ್ಲಿಯೂ ನಿಮ್ಮ ಫೋನ್ ಬಂದ ಮೇಲಷ್ಟೇ ನೋವು ಬಂದರೆ ಅಗಲಿಕೆಯ ಆತಂಕವನ್ನು ಯೋಚಿಸಬೇಕು. ಯಾವ ನೆಪವೂ ಇಲ್ಲದೆ ಬಿಸಿಲಿಗೆ, ನಿದ್ದೆಗೆಟ್ಟದ್ದಕ್ಕೆ ಬಂದರೆ ಮೈಗ್ರೇನಿನ ಪಾಲೇ ಹೆಚ್ಚು. ಮೂರೂ ಬೆರೆತಿರಲೂಬಹುದು. ಆ ಹಾಳೆಯನ್ನು ಹಿಡಿದುಕೊಂಡು ನವೆಂಬರಿನಲ್ಲಿ ನಿಮ್ಮ ಮಕ್ಕಳ ಡಾಕ್ಟರನ್ನು ಕಾಣು. ಇವನನ್ನು ಮೊದಲು ಹೊರಗೆ ಕೂರಿಸಿ ನೀನೊಬ್ಬಳೇ ಮಾತಾಡು, ಆಮೇಲೆ ಅವನನ್ನು ಒಳಗೆ ಬಿಟ್ಟು ನೀನು ಹೊರಗೆ ಬಾ.